ಮೂಡಲ ಗೋಡೆಯ ಪರ್ಮಿಷನ್

ನಾನು ಓದು ಬಿಟ್ಟಿದ್ದು ೧೯೭೪ರಲ್ಲಿ, ಏಳನೇ ಕ್ಲಾಸಿನ ನಡುವೆ. ಇದಕ್ಕೆ ಯಾರ ಮೇಲೂ ದೂರಿಲ್ಲ. ಅಪ್ಪನ ಕಾಲು ಊದಿಕೊಂಡಿತ್ತು, ಹಿಪ್ಪುನೇರಳೆ ಸೊಪ್ಪು ಕುಯ್ಯುವುದಕ್ಕೆ ಕೈ ಬೇಕಾಗಿತ್ತು, ಹೋದೆ. ಆಮೇಲೆ ರಾಮನಗರದಲ್ಲಿ ರೇಷ್ಮೆ ನೂಲು ತೆಗೆದೆ, ರೇಡಿಯೋ ರಿಪೇರಿ ಅಂಗಡಿಯಲ್ಲಿ ಕೂತೆ, ಮನೆಮನೆಗೆ ಆಂಟೆನಾ ಕಟ್ಟಿದೆ. ಕೊನೆಗೆ ಕೇಬಲ್ ಕಂಪನಿಗೆ ಸೇರಿದೆ. ಅಲ್ಲಿ ನನಗೆ ಕೊಟ್ಟ ಕೆಲಸಕ್ಕೆ ಸರಿಯಾದ ಹೆಸರೇ ಇರಲಿಲ್ಲ. ಜನ ಕರೆದಿದ್ದು ಪರ್ಮಿಷನ್ ಪುಟ್ಟಸ್ವಾಮಿ ಅಂತ. ಆ ಹೆಸರಿಗೆ ನಾನು ನಾಚಿಕೆ ಪಟ್ಟವನಲ್ಲ.

ಈಗ ಈ ಕೆಲಸಕ್ಕೆ ಬರುವ ಹುಡುಗರು ಕೈಯಲ್ಲಿ ಟ್ಯಾಬ್ ಹಿಡಿದು ಬರುತ್ತಾರೆ. ಒಳ್ಳೆಯದು. ಆದರೆ ಕೆಲಸ ಮಾತ್ರ ಅದೇ. ವೈರು ನಮ್ಮದು, ಗೋಡೆ ಅವರದು. ಅವರು ಬೇಡ ಅಂದರೆ ಬೆಂಗಳೂರಿನಿಂದ ಎಷ್ಟು ದೊಡ್ಡ ಕಂಪನಿ ಬಂದರೂ ಆ ಗೋಡೆಯ ಮುಂದೆ ನಿಂತುಕೊಳ್ಳಬೇಕು. ನಿಂತುಕೊಳ್ಳುವುದು ನನ್ನ ಕೆಲಸ.

ಮೊದಮೊದಲು ಕಾಗದವೇ ಇರಲಿಲ್ಲ. ಜಗುಲಿ ಮೇಲೆ ಕೂತು ಒಂದು ಲೋಟ ಕಾಫಿ ಕುಡಿದು, ನಿಮಗೆ ಕನೆಕ್ಷನ್ ಫ್ರೀ, ತಾರಸಿ ಮೇಲೆ ಕೂರುವ ಕೇಬಲ್ ಡಬ್ಬ ನಮ್ಮದು ಅಂದರೆ ಒಪ್ಪಂದ ಮುಗಿಯಿತು. ಹಾಗೆ ಮಾಡಲು ಹೋಗಿಯೇ ಚನ್ನಪಟ್ಟಣದಲ್ಲಿ ನಾನು ಮೊದಲು ಕೆಟ್ಟಿದ್ದು. ಗೊಂಬೆ ಮಾಡುವವರ ಬೀದಿ, ಅರಗಿನ ವಾಸನೆ. ಬಾಗಿಲಲ್ಲಿ ಗತ್ತಾಗಿ ಕಾಲಮೇಲೆ ಕಾಲು ಹಾಕಿ ಕೂತಿದ್ದವನನ್ನು ಕೇಳಿದೆ. "ಹಾಕ್ಕಳಿ ಹಾಕ್ಕಳಿ, ನಮ್ದೇನೂ ತಕರಾರಿಲ್ಲ" ಅಂದ. ಹಾಕಿದೆ. ವಾರ ಕಳೆದು ನಿಜವಾದ ಮಾಲೀಕ ಮೈಸೂರಿನಿಂದ ಬಂದ. ಬೀದಿಯ ತುದಿಯಿಂದಲೇ ಕೂಗು. "ಯಾವನ್ಲಾ ಅವ್ನು, ನನ್ ಗೋಡೆಗೆ ಡಬ್ಬ ಹೊಡ್ದೋನು?" ಕಾಲಮೇಲೆ ಕಾಲು ಹಾಕಿದ್ದವನು ಬಾಡಿಗೆಯವನು! ಮಾಲೀಕ ನಮ್ಮ ಏಣಿಯನ್ನು ಒಳಗೆ ಎಳೆದುಕೊಂಡು ಬೀಗ ಜಡಿದ. ಏಣಿ ಬಿಡಿಸಿಕೊಳ್ಳುವುದಕ್ಕೆ ನಾನು ಬಿದ್ದ ಪಾಡು ಇಲ್ಲಿ ಬೇಡ. ಅವತ್ತಿನಿಂದ ಯಾವ ಮನೆಗೆ ಹೋದರೂ ನನ್ನ ಮೊದಲ ಪ್ರಶ್ನೆ, ಮನೆ ಯಾರ ಹೆಸರಲ್ಲಿದೆ ಅನ್ನೋದು. ನೀವೂ ಅದನ್ನೇ ಕೇಳಿ.

ಇನ್ನೊಂದು ಮಾಗಡಿ ಕಡೆಯದು, ಕೆಂಪಾಪುರದ ಹತ್ತಿರ. ಗಂಗಣ್ಣ ಅಂತ ಒಬ್ಬರು ಹೊಲದ ಮೂಲೆಯಲ್ಲಿ ಕಂಬ ನಿಲ್ಲಿಸಲು ಖುಷಿಯಾಗಿ ಜಾಗ ಕೊಟ್ಟಿದ್ದರು. ರಾಗಿ ಕುಯ್ದ ಮೇಲೆ ಹೇಳಿ ಕಳಿಸಿದರು. ಹೋದರೆ ಮುಖ ಸಪ್ಪಗಿದೆ.

"ನಿನ್ ವೈರು ಅಳ್ತದೆ ಕಣಯ್ಯ" ಅಂದರು.

"ವೈರು ಅಳೋದೇನ್ ಗಂಗಣ್ಣ?"

"ಹೆಣ್ಣೆಂಗ್ಸು ಬಾಯಿಗೆ ಸೆರಗು ಒತ್ಕಂಡು ಅಳಲ್ವಾ, ಅಂಗೆ. ನನ್ ಸೊಸೆ ಹೊಲ್ದ ಕಡೀಕೆ ಬರಾದೇ ಬುಟ್ಟವ್ಳೆ. ಕಿತ್ಕಂಡೋಗು."

ನಡು ಮಧ್ಯಾಹ್ನ ಆ ಕೂಳೆ ಹೊಲದಲ್ಲಿ ಒಬ್ಬನೇ ನಿಂತೆ. ಮೊದಲು ಏನೂ ಇಲ್ಲ. ಆಮೇಲೆ ಗಾಳಿ ಎದ್ದಿತು. ಗಂಗಣ್ಣ ಸುಳ್ಳು ಹೇಳಿರಲಿಲ್ಲ. ಸುತ್ತ ಒಂದು ನರಪಿಳ್ಳೆ ಇಲ್ಲ, ಬಿಸಿಲು ಬೇರೆ, ನನ್ನ ಕತ್ತಿನ ಹಿಂದೆ ಕೂದಲು ಎದ್ದು ನಿಂತವು. ಏಣಿ ಹತ್ತಿ ನೋಡಿದರೆ ಕ್ಲ್ಯಾಂಪು ಸಡಿಲ. ಸ್ಪಾನರ್ ಹಾಕಿ ಬಿಗಿದೆ, ಅಳು ನಿಂತಿತು. ಇದನ್ನು ಯಾಕೆ ಹೇಳಿದೆ ಅಂದರೆ, ನಾನು ದೆವ್ವ ಭೂತ ಅಂತ ಬೆದರುವ ಆಸಾಮಿಯಲ್ಲ. ಜನರ ಮನೆ ಮೇಲೆ ಹತ್ತಿ ಇಳಿಯುವವನಿಗೆ ಇಂಥ ದೂರು ದಿನಾ ಬರುತ್ತವೆ. ಸ್ಪಾನರ್ ತಿರುಗಿಸಿದರೆ ಬಹಳಷ್ಟು ಸರಿಹೋಗುತ್ತವೆ. ಸರಿಹೋಗದ ಒಂದನ್ನು ಈಗ ಬರೆಯುತ್ತೇನೆ.

ಹಾರೋಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ ಒಂದರ ಹಿಂದೊಂದು ಫ್ಯಾಕ್ಟರಿ ಏಳುತ್ತಿದ್ದ ಕಾಲ ಅದು. ಎಲ್ಲರಿಗೂ ಇಂಟರ್ನೆಟ್ ಬೇಕು. ನಮ್ಮ ಸಣ್ಣ ಕಂಪನಿಯನ್ನು ಬೆಂಗಳೂರಿನ ದೊಡ್ಡ ಕಂಪನಿ ಕೊಂಡುಕೊಂಡಿತ್ತು. ತಾಮ್ರದ ವೈರಿನ ಕಾಲ ಹೋಗಿ ಗಾಜಿನ ಎಳೆಯ ಫೈಬರ್ ಬಂದಿತ್ತು, ಕಾಫಿ ಮೇಲಿನ ಒಪ್ಪಂದ ಹೋಗಿ ಛಾಪಾ ಕಾಗದ ಬಂದಿತ್ತು. ಮೇಲೆ ಪ್ರಭಾಕರ್ ಅಂತ ಹೊಸ ಮ್ಯಾನೇಜರ್. ಕೆಟ್ಟವರಲ್ಲ. ಆದರೆ ಮಾತು ಮಾತಿಗೂ "ಲೀಗಲ್ ಆಗಿ ಕ್ಲಿಯರ್ ಇರ್ಬೇಕು ಪುಟ್ಟಸ್ವಾಮಿ" ಅನ್ನುವವರು.

ಕನಕಪುರದಿಂದ ಹಾರೋಹಳ್ಳಿಗೆ ಲೈನು ಎಳೆಯುವಾಗ ದಾರಿಯ ಒಂದು ಹಳ್ಳಿಯಲ್ಲಿ ಸಿಕ್ಕಿಕೊಂಡೆವು. ರಸ್ತೆ ತಿರುಗುವಲ್ಲಿ ಒಂದು ಕಡೆ ಬಂಡೆ, ಗುಂಡಿ ತೋಡುವ ಹಾಗಿಲ್ಲ. ಇನ್ನೊಂದು ಕಡೆ ಹೆಂಚಿನ ಮನೆ, ಅದರ ಮೂಡಲ ಗೋಡೆ ರಸ್ತೆಗೆ ಮುಖ ಮಾಡಿ ಉದ್ದಕ್ಕೆ ನಿಂತಿದೆ. ಆ ಗೋಡೆಗೆ ಕ್ಲ್ಯಾಂಪು ಹೊಡೆದು ಕೇಬಲ್ ದಾಟಿಸಿದರೆ ಸಲೀಸು. ಇಲ್ಲದಿದ್ದರೆ ಕೆರೆ ಏರಿ ಮೇಲಿಂದ, ಹತ್ತಾರು ಜನರ ಹೊಲದ ಬದುವಿನಲ್ಲಿ ಕಂಬ ನಿಲ್ಲಿಸಿ ಸುತ್ತಿಕೊಂಡು ಬರಬೇಕು.

ನಾನು ಹೋದಾಗ ಒಬ್ಬ ಹೆಂಗಸು ಜಗುಲಿಯಲ್ಲಿ ಹುರುಳಿ ಕೇರುತ್ತಿದ್ದರು. ನಲವತ್ತರ ಆಚೆ ಈಚೆ ವಯಸ್ಸು, ಚಿಕ್ಕತಾಯಮ್ಮ ಅಂತ ಹೆಸರು. ಹಿತ್ತಲಲ್ಲಿ ಕುರಿ ಕಟ್ಟುವ ಕೊಟ್ಟಿಗೆ ಇತ್ತು, ಆದರೆ ಕುರಿ ಇರಲಿಲ್ಲ.

"ಮನೆ ಯಾರ್ ಹೆಸ್ರಲ್ಲೈತವ್ವ?" ಅಂದೆ.

"ನಮ್ಮೆಜಮಾನ್ರ ಹೆಸ್ರಲ್ಲಿ. ಬೀರಯ್ಯ ಅಂತ."

"ಅವ್ರು ಎಲ್ಲವ್ರೆ?"

"ಒಳ್ಗವ್ರೆ. ಏನ್ ವಿಷ್ಯ ನಂಗೇಳಣ್ಣ, ಕೇಳ್ಕಂಡ್ ಬತ್ತೀನಿ."

ಇದರಲ್ಲಿ ನನಗೆ ಏನೂ ವಿಶೇಷ ಕಾಣಲಿಲ್ಲ. ನಮ್ಮ ಕಡೆ ಅರ್ಧಕ್ಕರ್ಧ ಪರ್ಮಿಷನ್ ಆಗುವುದೇ ಹೀಗೆ. ಗಂಡಸು ಒಳಗೆ ಮಲಗಿರುತ್ತಾನೆ, ಇಲ್ಲವೇ ಕಂಪನಿಯವರ ಮುಂದೆ ಬಂದು ನಿಲ್ಲುವುದು ತನ್ನ ಮರ್ಯಾದೆಗೆ ಕಮ್ಮಿ ಅಂದುಕೊಂಡಿರುತ್ತಾನೆ. ಹೆಂಡತಿ ಅಡುಗೆಮನೆಗೂ ಜಗುಲಿಗೂ ಓಡಾಡಿ ವ್ಯಾಪಾರ ಕುದುರಿಸುತ್ತಾಳೆ. ವಿಷಯ ಹೇಳಿದೆ. ಚಿಕ್ಕತಾಯಮ್ಮ ನಡುಮನೆ ದಾಟಿ ಒಂದು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಗುಸುಗುಸು ಕೇಳಿಸಿತು. ವಾಪಸ್ ಬಂದು ಹೇಳಿದ್ದು ಇದು.

"ಗೋಡೆ ಪೂರಾ ಮಣ್ಣಂತೆ. ಎಲ್ಲಂದ್ರಲ್ಲಿ ಮೊಳೆ ಹೊಡದ್ರೆ ಕುಸಿತದಂತೆ. ಸೂರಿನ ಕೆಳ್ಗೆ ಮೂರ್ನೇ ವರಸೇಲಿ ಹೊನ್ನೆ ಮರದ್ ತುಂಡು ಕೂರ್ಸವ್ರಂತೆ, ಉದ್ದಕ್ಕೂ. ಹೊಡೆಯಂಗಿದ್ರೆ ಅದ್ಕೇ ಹೊಡೀಬೇಕಂತೆ."

ಏಣಿ ಹಾಕಿ ಸುತ್ತಿಗೆಯ ಹಿಡಿಯಿಂದ ತಟ್ಟಿದೆ. ಗಾರೆಯ ಒಳಗೆ ಮರ ಇತ್ತು. ಯಜಮಾನರು ತಿಳಿದವರು ಅಂದುಕೊಂಡು ಖುಷಿಯಾದೆ. ಇಂಥವರ ಜೊತೆ ವ್ಯವಹಾರ ಮಾಡುವುದೇ ಚೆಂದ.

ಎರಡನೇ ಸಲ ಹೋದಾಗ ಒಳಗಿನಿಂದ ಬಂದ ಪ್ರಶ್ನೆ, ವೈರಿನಲ್ಲಿ ಕರೆಂಟ್ ಇರುತ್ತದಾ ಅಂತ.

"ಇಲ್ಲ ಕಣವ್ವ. ಇದ್ರಲ್ಲಿ ಬೆಳಕು ಮಾತ್ರ ಹೋಯ್ತದೆ."

ಚಿಕ್ಕತಾಯಮ್ಮ ಒಳಗೆ ಹೋದರು, ಬಂದರು. "ಬೆಳಕಾದ್ರೆ ಆಗ್ಬೋದಂತೆ. ಆ ಬೆಳಕು ಎಲ್ಲೀಗಂಟ ಹೋಯ್ತದೆ ಅಂತ ಕೇಳ್ತಾವ್ರೆ."

"ಹಾರೋಹಳ್ಳಿ, ಅಲ್ಲಿಂದ ಬೆಂಗಳೂರು. ಅಲ್ಲಿಂದ ಎಲ್ಲಾ ಕಡೀಕೂವೆ."

"ಉಯ್ಯಂಬಳ್ಳಿ ಕಾಡಿನ್ ಕಡೀಕೂ?"

"ಇಲ್ಲ, ಸದ್ಯಕ್ಕೆ ಆ ಕಡೆ ಇಲ್ಲ."

ಆಯಮ್ಮ ಮತ್ತೆ ಒಳಗೆ ಹೋದರು. ಬಹಳ ಹೊತ್ತು ಬರಲಿಲ್ಲ. ನಾನು ಜಗುಲಿಯಲ್ಲಿ ಕೂತು ಎಲೆ ಅಡಿಕೆ ಹಾಕಿಕೊಂಡೆ. ಒಳಗಿನಿಂದ ಬೀಡಿ ಹೊಗೆ ಬಂದ ಹಾಗಾಯಿತು. ನನಗೂ ಸಾಕಾಗಿತ್ತು. ಎದ್ದು ನಿಂತು ಜೋರಾಗಿ ಅಂದೆ, "ಯಜಮಾನ್ರೇ, ಒಸಿ ಆಚೀಕ್ ಬನ್ನಿ, ಇಬ್ರೂ ಕೂತ್ಕಂಡು ಮಾತಾಡಿ ಮುಗ್ಸನ." ಗುಸುಗುಸು ನಿಂತಿತು. ಚಿಕ್ಕತಾಯಮ್ಮ ಬಾಗಿಲನ್ನು ಅಷ್ಟೇ ಅಷ್ಟು ತೆರೆದು, "ಇವತ್ತು ಬೇಡ್ವಂತೆ, ಓಗ್ಬಾ ಅಣ್ಣ" ಅಂದರು.

ಹಾರೋಹಳ್ಳಿಯ ಟೀ ಅಂಗಡಿಯಲ್ಲಿ ಒಬ್ಬ ಬಂದು ಪಕ್ಕದಲ್ಲಿ ಕೂತ. ಚೂಪು ಕಾಲರಿನ ಶರ್ಟು, ಕೈಯಲ್ಲಿ ಎರಡು ಮೊಬೈಲು. ಬೀರಯ್ಯನ ತಮ್ಮ, ಸಿದ್ದಯ್ಯ ಅಂತ ಹೇಳಿಕೊಂಡ.

"ಏನ್ ಪರ್ಮಿಷನಣ್ಣ, ನಮ್ಮತ್ಗೆ ಮನೇಲಿ ಯಾರ್ ಜೊತೆ ಯವಾರ ಮಾಡ್ತಿದ್ದೀಯೆ?"

"ನಿಮ್ಮಣ್ಣನ ಜೊತೇನೇ. ಆಯಮ್ಮ ಒಳಗೋಗಿ ಕೇಳ್ಕಂಡ್ ಬತ್ತವ್ರೆ."

ಅವನು ನಕ್ಕ. ನಗು ನಿಲ್ಲಿಸಿ ನನ್ನ ಮುಖ ನೋಡಿದ. "ನಮ್ಮಣ್ಣ ಹೋಗಿ ಏಳ್ ವರ್ಸದ್ ಮೇಲಾಯ್ತು ಕಣಣ್ಣ."

ಬೇಸಿಗೆಯಲ್ಲಿ ಬೀರಯ್ಯ ಕುರಿ ಹೊಡೆದುಕೊಂಡು ಉಯ್ಯಂಬಳ್ಳಿ ಆಚೆಯ ಕಾಡಿನ ಕಡೆಗೆ ಮೇಯಿಸಲು ಹೋಗುತ್ತಿದ್ದನಂತೆ. ಆ ವರ್ಷವೂ ಹೋದ. ಮಳೆ ಶುರುವಾದ ಮೇಲೆ ಒಂದು ಸಂಜೆ ಕುರಿ ತಾವಾಗೇ ಊರು ಹೊಕ್ಕವು. "ಒಂದೂ ಕಮ್ಮಿ ಇರ್ನಿಲ್ಲ. ಮುಂದ್ಗಡೆ ನಾಯಿ. ಹಿಂದ್ಗಡೆ ಯಾರೂ ಇಲ್ಲ" ಅಂದ ಸಿದ್ದಯ್ಯ. ಹುಡುಕಿದರು, ಪೊಲೀಸರಿಗೆ ಹೇಳಿದರು. ಟವಲ್ಲಿನ ಒಂದು ಚೂರೂ ಸಿಗಲಿಲ್ಲ. "ಹಿರಿಯರ ಹಬ್ಬಕ್ಕೆ ಅಣ್ಣಂಗೂ ಎಡೆ ಇಡನ ಅಂತ ಎಲೆ ಹಾಕುದ್ರೆ, ನಮ್ಮತ್ಗೆ ಎಲೆ ಸಮೇತ ಕಿತ್ಕಂಡು ಬೀದಿಗೆ ಎಸುದ್ಬುಟ್ಳು. ಬದುಕಿರೋರಿಗೆ ಎಡೆ ಇಡ್ತೀಯೇನ್ಲಾ ಅಂದ್ಬುಟ್ಟು."

ನಮ್ಮ ಕಡೆ ಎಡೆ ಅಂದರೆ ತೀರಿಕೊಂಡವರಿಗೆ. ಅವರಿಗೆ ಇಷ್ಟವಾದದ್ದನ್ನೆಲ್ಲ ಎಲೆಯಲ್ಲಿ ಬಡಿಸಿ, ಬಾಗಿಲು ಮುಚ್ಚಿ, ಮನೆಯವರೆಲ್ಲ ಆಚೆ ನಿಂತು, ಅವರು ಬಂದು ಉಂಡು ಹೋಗುವಷ್ಟು ಹೊತ್ತು ಕಾಯುತ್ತೇವೆ. ಒಬ್ಬರ ಹೆಸರಿಗೆ ಒಂದು ಸಲ ಎಡೆ ಇಟ್ಟರೆ ಅವರು ಆ ಕಡೆಯವರು ಅಂತ ಮನೆ ಒಪ್ಪಿಕೊಂಡ ಹಾಗೆ. ಆಯಮ್ಮ ಒಪ್ಪಿಕೊಂಡಿರಲಿಲ್ಲ.

ಸಿದ್ದಯ್ಯ ನನ್ನ ಹತ್ತಿರಕ್ಕೆ ಜರುಗಿದ. "ನಿಮ್ ಕಾಗ್ದದಲ್ಲಿ 'ದಿವಂಗತ ಬೀರಯ್ಯನ ಹೆಂಡ್ತಿ' ಅಂತ ಬರ್ಸಿ ಹೆಬ್ಬೆಟ್ ಒತ್ತಿಸ್ಬುಡಣ್ಣ. ನಿನ್ ಕೆಲ್ಸಾನೂ ಆಯ್ತದೆ, ನಂದೂ ಆಯ್ತದೆ. ಅವ್ಳೇ ಒಪ್ಕಂಡವ್ಳೆ ಅಂತ ಅದನ್ನ ತಾಲೂಕಾಫೀಸಲ್ಲಿ ತೋರುಸ್ತೀನಿ. ಫ್ಯಾಕ್ಟ್ರಿಯೋರು ಜಮೀನ್ ಕೇಳ್ಕಂಡ್ ಬತ್ತಾವ್ರೆ, ಅಣ್ಣ ಸೈನ್ ಹಾಕ್ಬೇಕು ಅಂತ ಇವ್ಳು ಕೂತವ್ಳೆ."

ಕೇಳಿದ್ದು ಕೇಳಿಯೇ ಬಿಡೋಣ ಅಂತ ಹೊನ್ನೆ ಮರದ ವಿಷಯ ಎತ್ತಿದೆ. ಸಿದ್ದಯ್ಯನ ಟೀ ಲೋಟ ಅರ್ಧಕ್ಕೇ ನಿಂತಿತು.

"ಆ ಗೋಡೆ ಕಟ್ಟಿದ್ದು ಅಪ್ಪ ಅಣ್ಣ ಇಬ್ರೇ. ಮರ ಕೂರ್ಸಿದ್ದು ನಂಗೇ ಗೊತ್ತಿಲ್ವಲ್ಲಣ್ಣ. ಅತ್ಗೆ ಆಗಿನ್ನೂ ಮದ್ವೆ ಆಗಿ ಬಂದೇ ಇರ್ನಿಲ್ಲ."

ಗಂಡ ಹೆಂಡತಿಗೆ ಎಂದೋ ಹೇಳಿರಬಹುದು. ನಾನು ಹಾಗೇ ಲೆಕ್ಕ ಹಾಕಿದೆ. ಒಂಟಿ ಹೆಂಗಸು, ಮೈದುನನ ಕಾಟ, ಗಂಡ ಒಳಗಿದ್ದಾನೆ ಅಂತ ತನಗೆ ತಾನೇ ಎರಡು ದನಿಯಲ್ಲಿ ಮಾತಾಡಿಕೊಳ್ಳುತ್ತಾಳೆ. ಪಾಪ ಅನ್ನಿಸಿತು. ಕೆಲಸ ಮಾತ್ರ ಆಗಬೇಕಿತ್ತು.

ಪ್ರಭಾಕರ್ ಅವರಿಗೆ ಇದ್ದದ್ದು ಇದ್ದ ಹಾಗೆ ಹೇಳಿದೆ. ಅವರು ವಕೀಲರನ್ನು ಕೇಳಿ, ಸಿದ್ದಯ್ಯ ಅಂದ ಅದೇ ಮಾತನ್ನು ಟೈಪ್ ಮಾಡಿಸಿ ನನ್ನ ಕೈಗಿಟ್ಟರು. "ಖಾತೆದಾರ ಇಲ್ಲ ಅಂದ್ರೆ ಹೆಂಡತಿ ಈ ರೀತಿ ಸೈನ್ ಮಾಡ್ಬೇಕು. ಫ್ಯಾಕ್ಟ್ರಿಯವರು ದಿನಾ ಫೋನ್ ಮಾಡ್ತಿದಾರೆ ಪುಟ್ಟಸ್ವಾಮಿ, ಮುಗಿಸ್ಕೊಂಡು ಬನ್ನಿ." ಸಿದ್ದಯ್ಯ ಆಫೀಸಿಗೂ ಬಂದು ಹೋಗಿದ್ದನೋ ಏನೋ, ನಾನು ಕೇಳಲಿಲ್ಲ.

ನಾನು ಹೋಗುವಾಗ ಬೆಳಿಗ್ಗೆ ಹತ್ತು ಗಂಟೆ, ಚೆನ್ನಾಗಿ ಬಿಸಿಲಿತ್ತು. ಚಿಕ್ಕತಾಯಮ್ಮನಿಗೆ ಓದಲು ಬರುವುದಿಲ್ಲ, ನಾನೇ ಓದಿ ಹೇಳಬೇಕು. ನಾನು ಓದು ಬಿಟ್ಟವನಾದರೂ ಕಾಗದ ಓದುವಾಗ ತಡವರಿಸುವವನಲ್ಲ. ಅವತ್ತು ಆ ಪದದ ಹತ್ತಿರ ಬಂದು ನಾಲಿಗೆ ನಿಂತಿತು. ನುಂಗಿಕೊಂಡು ಓದಿಬಿಟ್ಟೆ.

"ಏನಂದೆ?" ಅಂದರು ಆಯಮ್ಮ.

"ಅದು ಬರೇ ಕಾನೂನಿಗೆ ಕಣವ್ವ..."

"ಆ ಪದ ಇನ್ನೊಂದ್ಸಲ ಓದು."

ಓದಿದೆ. ಅಳಲಿಲ್ಲ, ಬೈಯಲಿಲ್ಲ. ಎದ್ದು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ನಾನು ಗುಸುಗುಸುವಿಗೆ ಕಾದೆ. ಅವತ್ತು ಒಳಗೆ ಒಂದು ಸದ್ದೂ ಇಲ್ಲ. ಹೊರಗೆ ಬಂದವರು ಬಾಗಿಲು ಮುಂದಕ್ಕೆಳೆದು ಜಗುಲಿಗೆ ಬಂದು ನನ್ನ ಹಿಂದೆ ಕಂಬಕ್ಕೆ ಒರಗಿ ನಿಂತರು.

"ಅವ್ರು ಏನೂ ಅನ್ನಿಲ್ಲ. ನಾನ್ ಹೇಳುದ್ರೆ ಸರಿಯಾಗಿ ಗೊತ್ತಾಗಕಿಲ್ವೇನೋ. ನೀನೇ ಒಳಕ್ಕೋಗು. ಅವ್ರ ಮುಂದೆ ಕೂತ್ಕಂಡು ಆ ಪದ ಓದು. ಅವ್ರು ಹೂಂ ಅಂದ್ರೆ ನಾನ್ ಹೆಬ್ಬೆಟ್ ಒತ್ತೀನಿ."

ಆಡಿದ ರೀತಿಯಲ್ಲಿ ಸವಾಲು ಇರಲಿಲ್ಲ, ಹುಚ್ಚೂ ಇರಲಿಲ್ಲ. ವ್ಯಾಪಾರದ ಕೊನೆಯ ಷರತ್ತನ್ನು ಹೇಳುವ ಹಾಗೆ ಹೇಳಿದರು. ಖಾಲಿ ಕೋಣೆಗೆ ಹೋಗಿ ಒಂದು ಗೆರೆ ಓದಿ ಬರುವುದು, ಅಷ್ಟೇ ತಾನೇ. ಚಪ್ಪಲಿ ಬಿಟ್ಟು ನಡುಮನೆ ದಾಟಿದೆ. ಬಾಗಿಲಿಗೆ ಕೈ ಇಟ್ಟೆ. ಹಲಗೆ ತಣ್ಣಗಿತ್ತು. ಸಂದಿನಿಂದ ಹಸಿ ಕಂಬಳಿಯ ವಾಸನೆ ಬಂತು, ಮಳೆಯಲ್ಲಿ ನೆಂದ ಕುರಿಮಂದೆಯ ವಾಸನೆ. ಆ ತಿಂಗಳು ಮಳೆಯೇ ಆಗಿರಲಿಲ್ಲ.

ತಿರುಗಿ ನೋಡಿದೆ. ಚಿಕ್ಕತಾಯಮ್ಮ ಜಗುಲಿಯಲ್ಲೇ ಇದ್ದರು, ಸೆರಗಿನ ತುದಿಯನ್ನು ಹಲ್ಲಲ್ಲಿ ಕಚ್ಚಿಕೊಂಡು.

ಆಗ ಬಾಗಿಲಿನ ಆ ಕಡೆ ಯಾರೋ ಗಂಟಲು ಸರಿಮಾಡಿಕೊಂಡರು.

ಗಂಡಸಿನ ಗಂಟಲು. ಮಲಗಿದ್ದವನು, ಯಾರೋ ದೊಡ್ಡವರು ಬಂದರು ಅಂತ ಎದ್ದು ಕೂರುವಾಗ ಮಾಡುವ ಸದ್ದು. ಅದರಲ್ಲಿ ಹೆದರಿಸುವುದು ಏನೂ ಇರಲಿಲ್ಲ, ಬಾ ಕೂತ್ಕೊ ಅಂದ ಹಾಗಿತ್ತು. ನನ್ನ ಕೈಯಲ್ಲಿ ಕಾಗದ ಇತ್ತು, ಅದರಲ್ಲಿ ಆ ಪದ ಇತ್ತು. ಬದುಕಿದ್ದಾನೋ ಸತ್ತಿದ್ದಾನೋ, ಒಳಗೆ ಎದ್ದು ಕೂತ ಮನುಷ್ಯನ ಮುಖಕ್ಕೆ ಅದನ್ನು ಓದುವ ಗಂಡಸು ನಾನಲ್ಲ ಅಂತ ಅವತ್ತು ಗೊತ್ತಾಯಿತು. ಕಾಗದವನ್ನು ನಾಲ್ಕಾಗಿ ಮಡಿಸಿ ಜೇಬಿಗಿಟ್ಟೆ. ಹಿಂದಕ್ಕೆ ಹೆಜ್ಜೆ ಇಟ್ಟುಕೊಂಡೇ ಜಗುಲಿಗೆ ಬಂದೆ.

"ಓದ್ದಾ?" ಅಂದರು.

"ಇಲ್ಲ ಕಣವ್ವ. ಯಾರೂ ಓದಲ್ಲ ಅದನ್ನ."

ಆಯಮ್ಮ ಅಲ್ಲೇ ಕಂಬದ ಬುಡದಲ್ಲಿ ಕೂತರು. ಆಗ ಅತ್ತರು.

ಸಿದ್ದಯ್ಯ ಬಸ್ ಸ್ಟ್ಯಾಂಡಿನಲ್ಲಿ ಕಾಯುತ್ತಿದ್ದ. ಆಗಲಿಲ್ಲ ಅಂದೆ. "ಒಂದ್ ಹೆಂಗ್ಸಿನ್ ಹೆಬ್ಬೆಟ್ ಒತ್ಸಕ್ಕಾಗ್ದೋನು, ಯಾವ್ ಸೀಮೆ ಪರ್ಮಿಷನ್ನಯ್ಯ ನೀನು!" ಅಂತ ನಾಲ್ಕು ಜನರ ಮುಂದೆ ಅಂದ. ಕೇಳಿಸಿಕೊಂಡು ಬಸ್ ಹತ್ತಿದೆ. ಪ್ರಭಾಕರ್ ಅವರ ಮುಂದೆ ನಿಂತು, ಆ ಗೋಡೆ ಬೇಡ ಸಾರ್, ಕೆರೆ ಏರಿ ಮೇಲೆ ಸುತ್ತಿಕೊಂಡು ಹೋಗೋಣ, ಹೊಲದವರ ಪರ್ಮಿಷನ್ ನಾನು ತರುತ್ತೇನೆ ಅಂದೆ. "ಅಷ್ಟು ಕಂಬಕ್ಕೆ ಮೇಲಿನವರಿಗೆ ಏನು ಹೇಳ್ಲಿ?" ಅಂದರು. ಪುಟ್ಟಸ್ವಾಮಿ ಕೈಲಿ ಆಗಲಿಲ್ಲ ಅಂತ ಹೇಳಿ ಸಾರ್ ಅಂದೆ. ನನ್ನಂಥವನ ಬಾಯಲ್ಲಿ ಈ ಮಾತು ಬರುವುದು ಸುಲಭ ಅಲ್ಲ. ಅವರು ಆಯ್ತು ಹೋಗಿ ಅಂದರು.

ಹೊಲದ ಬದುಗಳ ಆ ವ್ಯಾಪಾರ ನನ್ನ ಮೈ ಹಣ್ಣು ಮಾಡಿತು. ಒಬ್ಬನಿಗೆ ಕಂಬ ತೆಂಗಿನ ಸಸಿಗೆ ಅಡ್ಡ, ಇನ್ನೊಬ್ಬನಿಗೆ ಪಕ್ಕದವನು ಒಪ್ಪಿದ್ದಕ್ಕೇ ಕೋಪ. ಬೆಳಿಗ್ಗೆ ಎದ್ದು ಅವರ ಜೊತೆ ಕಳೆ ಕಿತ್ತೆ, ಸಂಜೆ ಕಟ್ಟೆಯ ಮೇಲೆ ಕೂತೆ. ಎಲ್ಲರ ಸೈನ್ ಬಂತು. ಚಿಕ್ಕತಾಯಮ್ಮನದು ಬೇಕಾಗಲಿಲ್ಲ.

ಕೊನೆಯ ಕಂಬ ನಿಂತಿದ್ದು ಆ ಮನೆಯ ಹಿತ್ತಲ ಬೇಲಿಯ ಆಚೆ, ಪಂಚಾಯ್ತಿ ಜಾಗದಲ್ಲಿ. ನಮ್ಮ ಕಡೆಯ ಹುಡುಗನಿಗೆ ಜ್ವರ ಅಂತ ರಾಮನಗರದಿಂದ ನಾಗರಾಜ ಅನ್ನುವ ಲೈನ್‌ಮನ್ನನ್ನು ಕರೆಸಿದ್ದೆ. ಅವತ್ತೇ ಆ ಊರಿಗೆ ಮೊದಲು ಕಾಲಿಟ್ಟವನು. ಯಾರ ಮನೆ, ಏನು ಕಥೆ, ಒಂದೂ ಗೊತ್ತಿಲ್ಲ. ಕಂಬದ ತುದಿಯಲ್ಲಿ ಬೆಲ್ಟು ಕಟ್ಟಿಕೊಂಡು ಕೇಬಲ್ ಬಿಗಿಯುತ್ತಿದ್ದ. ಚಿಕ್ಕತಾಯಮ್ಮ ಮಜ್ಜಿಗೆ ತಂದು ಬೇಲಿಯ ಮೇಲಿಂದ ಕೊಟ್ಟರು. ನಾನು ಬೇಲಿಗೆ ಒರಗಿ, ಮನೆಗೆ ಓರೆಯಾಗಿ ನಿಂತು ಕುಡಿಯುತ್ತಿದ್ದೆ.

"ಯಾಕೆ ಸುತ್ತಾಕ್ಕಂಡ್ ಹೋದ್ರಿ ಅಂತ ಕೇಳ್ತಾವ್ರೆ ಅಣ್ಣ" ಅಂದರು ಮೆಲ್ಲಗೆ. "ಗೋಡೆ ಕೊಡ್ತಿದ್ರಂತೆ."

"ಇದೇ ದಾರಿ ಚೆಂದಾಗೈತೆ ಅಂತ ಹೇಳವ್ವ" ಅಂದೆ.

ಮೇಲಿನಿಂದ ನಾಗರಾಜ ನಗುನಗುತ್ತಾ ಕೂಗಿದ. "ಅಮ್ಮೋ, ನಮ್ಗೇ ಎಲ್ಲಾ ಕೊಟ್ಬುಟ್ರೆ ಹೆಂಗೆ? ಯಜಮಾನ್ರಿಗೂ ಒಂದ್ ಲೋಟ ಕೊಡಿ. ಆಗ್ಲಿಂದ ಬಾಗ್ಲಲ್ಲಿ ನಿಂತ್ಕಂಡು ನೋಡ್ತಾವ್ರೆ!"

ಬಾಯಲ್ಲಿದ್ದ ಮಜ್ಜಿಗೆ ಹಾಗೇ ಉಳಿಯಿತು. ನಾನು ಬಾಗಿಲ ಕಡೆ ತಿರುಗಲಿಲ್ಲ. ಚಿಕ್ಕತಾಯಮ್ಮ ತಿರುಗಿದರು. ಅವರ ಮುಖ ನನಗೆ ಕಾಣಲಿಲ್ಲ, ಕೈ ಮಾತ್ರ ಕಾಣಿಸಿತು. ಹೊಸದಾಗಿ ಮದುವೆಯಾದವಳು ದೊಡ್ಡವರ ಮುಂದೆ ಮಾಡುವ ಹಾಗೆ ಸೆರಗನ್ನು ಮೆಲ್ಲಗೆ ತಲೆಯ ಮೇಲೆ ಎಳೆದುಕೊಂಡರು. ಖಾಲಿ ಲೋಟಕ್ಕೆ ಮಜ್ಜಿಗೆ ಬಗ್ಗಿಸಿಕೊಂಡು ಮನೆಯ ಕಡೆಗೆ ನಡೆದರು.

ನಾಗರಾಜನಿಗೆ ನಾನು ಇವತ್ತಿನವರೆಗೂ ಏನೂ ಹೇಳಿಲ್ಲ. ಆ ಮನೆಯ ಖಾತೆ ಇನ್ನೂ ಬೀರಯ್ಯನ ಹೆಸರಲ್ಲೇ ಇದೆ ಅಂತ ಹೋದ ವರ್ಷ ಕೇಳಿದೆ. ಸುತ್ತ ಜಮೀನು ಫ್ಯಾಕ್ಟರಿಯಾಗಿದೆ, ಅವರದು ಆಗಿಲ್ಲ.

ಅದಾದ ಮೇಲೆ ನನ್ನನ್ನು ಫೈಬರ್ ಕೆಲಸದಿಂದ ತೆಗೆದು ಮಾಗಡಿಗೆ ಹಾಕಿದರು. ರಿಟೈರ್ ಆಗುವವರೆಗೂ ಅಲ್ಲೇ ಇದ್ದೆ. ಈಗ ನನಗೆ ಇರುವುದು ಕನಕಪುರದಲ್ಲಿ ಎರಡು ಕೋಣೆಯ ಮನೆ, ಅರ್ಧ ಎಕರೆ ಹಿಪ್ಪುನೇರಳೆ, ಒಂದು ಹಳೇ ಮೊಪೆಡ್, ಮದುವೆಯಾದ ಇಬ್ಬರು ಹೆಣ್ಣುಮಕ್ಕಳು, ಮೂರು ಮೊಮ್ಮಕ್ಕಳು, ನೆಟ್ಟಗಿರುವ ಒಂದು ಮಂಡಿ. ಹೆಂಡತಿ ಇದ್ದಾಳೆ.